ಕಲ್ಲುಗಳ ಓದಿಗೆ ಗಣಿತವೇಕೆ? ಕಮ್ಯೂನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯದವರೆಗೆ

ಅಮೆರಿಕದಲ್ಲಿ ಭೂವಿಜ್ಞಾನ ಪದವಿ ಪಡೆಯಲು ಮೊದಲ ದಿನದಿಂದಲೇ ದೊಡ್ಡ ವಿಶ್ವವಿದ್ಯಾಲಯ ಸೇರಬೇಕೆಂದಿಲ್ಲ. ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಕಡಿಮೆ ಶುಲ್ಕಕ್ಕೆ ಎರಡು ವರ್ಷ ಓದಿ, ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಇದು ಎರಡನೇ ದರ್ಜೆಯ ಓದು ಎಂಬುದು ತಪ್ಪು ಕಲ್ಪನೆ. ಕೊನೆಯಲ್ಲಿ ಸಿಗುವ ಪದವಿ ಆ ವಿಶ್ವವಿದ್ಯಾಲಯದ್ದೇ.

ಆದರೆ ಇನ್ನೊಂದು ತಪ್ಪು ಕಲ್ಪನೆ ಹೆಚ್ಚು ದುಬಾರಿ: '60 ಯೂನಿಟ್ ಮುಗಿಸಿದರೆ ಎರಡು ವರ್ಷದ ಓದು ಮುಗಿಯಿತು' ಎಂಬುದು. ಯೂನಿಟ್‌ಗಳು ವರ್ಗವಾಗುವುದು ಬೇರೆ, ಅವು ಭೂವಿಜ್ಞಾನ ಪದವಿಯ ಲೆಕ್ಕಕ್ಕೆ ಸೇರುವುದು ಬೇರೆ.

ಭೂವಿಜ್ಞಾನವೆಂದರೆ ಕಲ್ಲು ಗುರುತಿಸುವುದು, ಗಣಿತವನ್ನು ನಿಧಾನವಾಗಿ ನೋಡಿಕೊಂಡರಾಯಿತು ಎಂದು ಹಲವರು ಭಾವಿಸುತ್ತಾರೆ. ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನೇ ತೆಗೆದುಕೊಳ್ಳೋಣ. ಅದರ ವಯಸ್ಸು 8 ಕೋಟಿ ವರ್ಷಕ್ಕೂ ಹೆಚ್ಚು ಎಂದು ನಮಗೆ ಗೊತ್ತಾಗುವುದು ಹೇಗೆ? ಬಂಡೆಯೊಳಗಿನ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದು. ಅಳೆಯಲು ರಸಾಯನಶಾಸ್ತ್ರ ಬೇಕು, ಲೆಕ್ಕ ಹಾಕಲು ಕ್ಯಾಲ್ಕುಲಸ್ ಬೇಕು. ಭೂಕಂಪದ ಅಲೆಗಳನ್ನು ಅರ್ಥಮಾಡಿಕೊಳ್ಳಲು ಭೌತಶಾಸ್ತ್ರ ಬೇಕು.

ಹಾಗಾಗಿ ಮೊದಲೆರಡು ವರ್ಷಗಳಲ್ಲಿ ಭೂವಿಜ್ಞಾನದ ಕೋರ್ಸ್‌ಗಳು ಸಾಮಾನ್ಯವಾಗಿ ಎರಡೇ: ಭೌತಿಕ ಭೂವಿಜ್ಞಾನ ಮತ್ತು ಭೂಮಿಯ ಇತಿಹಾಸ, ಪ್ರಯೋಗಾಲಯದೊಂದಿಗೆ. ಉಳಿದದ್ದು ಎರಡು ಸೆಮಿಸ್ಟರ್ ರಸಾಯನಶಾಸ್ತ್ರ, ಎರಡು ಸೆಮಿಸ್ಟರ್ ಕ್ಯಾಲ್ಕುಲಸ್, ಹೆಚ್ಚಿನ ಕಡೆ ಭೌತಶಾಸ್ತ್ರವೂ. ಇವು ಒಂದರ ಹಿಂದೆ ಒಂದು ಬರುವ ಮೆಟ್ಟಿಲುಗಳು. ಮೊದಲ ಕ್ಯಾಲ್ಕುಲಸ್ ಆಗದೆ ಅದನ್ನು ಬಳಸುವ ಭೌತಶಾಸ್ತ್ರಕ್ಕೆ ಪ್ರವೇಶವಿಲ್ಲ. ಕ್ಯಾಲ್ಕುಲಸ್‌ಗೂ ಮೊದಲಿನ ಗಣಿತ ಬಾಕಿಯಿದ್ದರೆ ಇನ್ನೊಂದೆರಡು ಸೆಮಿಸ್ಟರ್ ಬೇಕು.

ಒಂದು ಮೆಟ್ಟಿಲು ತಪ್ಪಿದರೆ ಏನಾಗುತ್ತದೆ? ರಸಾಯನಶಾಸ್ತ್ರ ಮುಗಿಯದೆ ವಿಶ್ವವಿದ್ಯಾಲಯದಲ್ಲಿ ಖನಿಜ ವಿಜ್ಞಾನ ಸಿಗುವುದಿಲ್ಲ. ಅದು ಆಗದೆ ಶಿಲಾವಿಜ್ಞಾನವಿಲ್ಲ. ಇವೆಲ್ಲ ಮುಗಿಯದೆ, ಬೇಸಿಗೆಯಲ್ಲಿ ನಡೆಯುವ ಕ್ಷೇತ್ರಕಾರ್ಯದ ಶಿಬಿರಕ್ಕೂ ಹೋಗಲಾಗದು. ಹೀಗೆ ಒಂದು ವರ್ಷ ಹೆಚ್ಚಾದರೆ, ಆ ವರ್ಷಕ್ಕೆ ವಿಶ್ವವಿದ್ಯಾಲಯದ ಶುಲ್ಕವನ್ನೇ ಕಟ್ಟಬೇಕು. ಮೊದಲು ಉಳಿಸಿದ ಹಣ ಅಲ್ಲೇ ಕರಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಈ ದಾರಿ ಸಾಕಷ್ಟು ಸ್ಪಷ್ಟವಾಗಿದೆ. 2010ರ ಕಾನೂನಿನಂತೆ ರೂಪುಗೊಂಡ ವರ್ಗಾವಣೆ ಪದವಿಯನ್ನು ನಿಯಮದಂತೆ ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಸೀಟು ಖಚಿತ. ಆದರೆ ಕೇಳಿದ ಕ್ಯಾಂಪಸ್‌ನಲ್ಲೇ ಎಂದಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್‌ಗಳು ಷರತ್ತುಬದ್ಧ ಪ್ರವೇಶ ಖಾತರಿ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊ ಆ ಪಟ್ಟಿಯಲ್ಲಿಲ್ಲ. ಯಾವ ಕಾಲೇಜಿನ ಯಾವ ಕೋರ್ಸ್ ಎಲ್ಲಿ ಸಲ್ಲುತ್ತದೆ ಎಂಬುದನ್ನು 'ಅಸಿಸ್ಟ್' ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಅಲ್ಲಿ ಓದುತ್ತಿರುವ ಅಥವಾ ಓದಲು ಹೊರಟ ಮಕ್ಕಳಿಗೆ ನಾವು ಹೇಳುವುದಿಷ್ಟು: ಸೇರಬೇಕಾದ ವಿಶ್ವವಿದ್ಯಾಲಯದ ಪಟ್ಟಿಯನ್ನು ಮೊದಲ ಸೆಮಿಸ್ಟರ್‌ನಲ್ಲೇ ಎದುರಿಗಿಟ್ಟುಕೊಂಡು ಕಾಲೇಜಿನ ಸಲಹೆಗಾರರನ್ನು ಕಾಣಿ. ಗಣಿತ, ರಸಾಯನಶಾಸ್ತ್ರಗಳನ್ನು ಅಂದೇ ಆರಂಭಿಸಿ. ಕಲ್ಲುಗಳು ಕಾಯುತ್ತವೆ, ಸೆಮಿಸ್ಟರ್ ಕಾಯುವುದಿಲ್ಲ.