ದೇವರು ಬಡಗಿಯಾದ ಮೇಲೆ

ಕೊಟ್ಟೂರಿನಲ್ಲಿ ಹಮಾಲರೊಬ್ಬರು ಒಮ್ಮೆ ಮೂಟೆ ಇಳಿಸಿ, ಬೆವರು ಒರೆಸಿಕೊಳ್ಳುತ್ತ ನಮ್ಮನ್ನು ಕೇಳಿದರು: “ಮೇಷ್ಟ್ರೇ, ದೇವ್ರು ಮನುಷ್ಯಾ ಆದ ಅಂತ ಕ್ರಿಸ್ತಾನರು ಅಂತಾರಲ್ರೀ, ಆದ ಮ್ಯಾಲೆ ಹೊಟ್ಟಿಪಾಡಿಗೆ ಏನು ಕೆಲಸ ಮಾಡ್ತಿದ್ದ?” ಪಂಡಿತರಿಗೆ ಕಡೆಗೆ ಹೊಳೆಯುವ ಪ್ರಶ್ನೆ ದುಡಿಯುವವನಿಗೆ ಮೊದಲೇ ಹೊಳೆಯಿತು. “ಬಡಗಿ ಕೆಲಸ” ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ನಮ್ಮೋನೇ ಬಿಡ್ರಿ” ಎಂದು ಮತ್ತೆ ಮೂಟೆಗೆ ಹೆಗಲು ಕೊಟ್ಟರು.

ದೇವರು ಮನುಷ್ಯರೂಪದಲ್ಲಿ ಬರುವ ಮಾತು ನಮ್ಮ ಸೀಮೆಗೆ ಹೊಸದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಶಿವನೇ ಏಳು ಕೋಟಿ ದಂಡು ಕಟ್ಟಿಕೊಂಡು ಬಂದು ಮಣಿ-ಮಲ್ಲರೆಂಬ ದೈತ್ಯರನ್ನು ಕೊಂದನೆಂದು ಜನ ನಂಬುತ್ತಾರೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಗನಮರಡಿಯಲ್ಲಿ, ಕಂಬಳಿಯ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆ ಗಳಿಗೆಯಲ್ಲಿ ದೇವರ ಮಾತು ಕುರಿ ಕಾಯುವವರ ಕುಲದ ಬಾಯಿಂದ ಬರುತ್ತದೆ. ಮಳೆ-ಬೆಳೆ, ಧಾರಣೆ, ರಾಜಕಾರಣವೆಲ್ಲವನ್ನೂ ಜನ ಆ ಒಂದು ನುಡಿಯಲ್ಲಿ ಹುಡುಕುತ್ತಾರೆ.

ಈ ತಾಲ್ಲೂಕುಗಳೆಲ್ಲ ಬಳ್ಳಾರಿ ಜಿಲ್ಲೆಯಾಗಿ ಮದ್ರಾಸ್ ಆಧಿಪತ್ಯದ ಕೆಳಗಿದ್ದ ಕಾಲದಲ್ಲಿ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದರು. ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಕೈಗೊಂಡರು. ಅವರು ತಂದ ನಂಬಿಕೆಗೂ ಮೈಲಾರದ ಕಥೆಗೂ ಒಂದು ದೊಡ್ಡ ಅಂತರವಿದೆ. ನಮ್ಮ ಕಥೆಯ ದೇವರು ಶಸ್ತ್ರ ಹಿಡಿದು ಬಂದು ಗೆಲ್ಲುತ್ತಾನೆ. ಕ್ರೈಸ್ತರ ದೇವರು ಬಡವರ ಮನೆಯ ಕೂಸಾಗಿ ಹುಟ್ಟುತ್ತಾನೆ, ಹಸಿಯುತ್ತಾನೆ, ದಣಿಯುತ್ತಾನೆ, ಗೆಳೆಯ ಸತ್ತರೆ ಅಳುತ್ತಾನೆ. ಕಡೆಗೆ ರೋಮಿನ ಅಧಿಕಾರಿ ಪಿಲಾತನ ಅಪ್ಪಣೆಯಂತೆ ಶಿಲುಬೆಯ ಮೇಲೆ ಸಾಯುತ್ತಾನೆ. ಶಿಲುಬೆಯೆಂದರೆ ರೋಮನ್ನರು ಗುಲಾಮರಿಗೂ ದಂಗೆಕೋರರಿಗೂ ಕಾದಿರಿಸಿದ್ದ ಶಿಕ್ಷೆ.

ದೇವರಿಗೆಲ್ಲಿಯ ನೋವು, ಅದು ಬರೀ ತೋರಿಕೆಯ ದೇಹ ಎಂದು ವಾದಿಸಿದವರು ಆ ಕಾಲದಲ್ಲೇ ಇದ್ದರು. ಸಭೆ ಆ ವಾದವನ್ನು ತಳ್ಳಿಹಾಕಿತು. 451ರಲ್ಲಿ ಕಾಲ್ಸೆಡನ್ನಿನಲ್ಲಿ ಸೇರಿದ ಬಿಷಪ್ಪರು, ಯೇಸು ಪೂರ್ತಿ ದೇವರೂ ಹೌದು, ಪೂರ್ತಿ ಮನುಷ್ಯನೂ ಹೌದು ಎಂದು ನಿರ್ಣಯಿಸಿದರು. ಹಸಿವೂ ನಿಜ, ಬೆವರೂ ನಿಜ ಎಂದಾಯಿತು.

ಯೋಹಾನನ ಸುವಾರ್ತೆಯಲ್ಲಿ ಒಂದು ಪ್ರಸಂಗವಿದೆ. ನಡುಮಧ್ಯಾಹ್ನ, ನಡೆದು ದಣಿದ ಯೇಸು ಬಾವಿಯ ಬಳಿ ಕೂತು, ನೀರಿಗೆ ಬಂದ ಹೆಂಗಸನ್ನು ಕುಡಿಯಲು ನೀರು ಕೇಳುತ್ತಾನೆ. ಆಕೆ ಸಮಾರ್ಯದವಳು; ಅವನ ಕುಲದವರು ಅವರೊಡನೆ ಬಳಕೆಯಿಟ್ಟುಕೊಂಡವರಲ್ಲ. ನನ್ನ ಕೈಯ ನೀರು ನೀನು ಕೇಳುವುದೆ ಎಂದು ಆಕೆಯೇ ಬೆರಗಾಗುತ್ತಾಳೆ. ಊರ ಬಾವಿಯ ಕಥೆ ಬಲ್ಲ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ದೇವರನ್ನು ನಂಬಿದವರ ನಡುವೆಯೂ ಜಾತಿ ಸಾಯಲಿಲ್ಲ. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸಲು ಗೋಡೆಯನ್ನೇ ಎಬ್ಬಿಸಿದರು. ಸರಕಾರದ ರೀತಿ ಇನ್ನೂ ವಿಚಿತ್ರ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸವಲತ್ತನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡರು. ಕ್ರೈಸ್ತ ದಲಿತರು ಇಂದಿಗೂ ಹೊರಗೇ ಇದ್ದಾರೆ. ಆ ಧರ್ಮದಲ್ಲಿ ಜಾತಿಯಿಲ್ಲವೆಂಬುದು ಅದಕ್ಕೆ ಕೊಡುವ ಕಾರಣ. ಶಾಸ್ತ್ರದಲ್ಲಿ ಇಲ್ಲದ ಜಾತಿ ಸ್ಮಶಾನದಲ್ಲಿ ಇದೆಯಲ್ಲ, ಅದಕ್ಕೆ ಉತ್ತರವೇನು?

ಅನ್ಯರ ಮನೆಯ ಕಸ ತೋರಿಸಿ ನಮ್ಮ ಅಂಗಳ ಚೊಕ್ಕಟವೆನ್ನಲು ನಾವು ಹೊರಟಿಲ್ಲ. ಕೊಟ್ಟೂರೇಶ್ವರನ ತೇರು ಸಾಗುವ ಮುನ್ನ ದಲಿತ ಹೆಣ್ಣುಮಕ್ಕಳು ಆರತಿ ಬೆಳಗುವ ರೂಢಿ ಇದೆ. ಹೆಮ್ಮೆಯ ರೂಢಿಯೇ ಸರಿ. ತೇರಿನ ದಿನ ಆ ಕೈಯ ಆರತಿ ದೇವರಿಗೆ ಸಲ್ಲುವುದಾದರೆ, ಮರುದಿನ ಅದೇ ಕೈಯ ನೀರು ನಮಗೆ ಏಕೆ ಸಲ್ಲಬಾರದು?

ದೇವರು ಮನುಷ್ಯನಾದನೋ ಇಲ್ಲವೋ ಎಂಬ ತೀರ್ಪು ನಮ್ಮದಲ್ಲ. ಅದು ನಂಬುವವರ ಎದೆಯ ಮಾತು. ಆದರೆ ನಂಬಿದವರನ್ನು ಅವರ ನಂಬಿಕೆಯಿಂದಲೇ ಅಳೆಯುವ ಹಕ್ಕು ನಮಗಿದೆ. ದೇವರೇ ಉಳಿ-ಬಾಚಿ ಹಿಡಿದನೆಂದ ಮೇಲೆ ದುಡಿಯುವ ಕೈ ಕೀಳಾಗಲಾರದು. ದೇವರೇ ಬಾಯಾರಿ ಬಾವಿಯ ಬಳಿ ಕೂತನೆಂದ ಮೇಲೆ ಯಾರ ಕೊಡವೂ ಮೈಲಿಗೆಯಾಗಲಾರದು. ಇದನ್ನು ಒಪ್ಪದವನು ಇಗರ್ಜಿಯಲ್ಲಿ ಮೊಣಕಾಲೂರಲಿ, ಮೈಲಾರದಲ್ಲಿ ಭಂಡಾರ ಎರಚಲಿ, ಅವನು ತನ್ನ ದೇವರನ್ನು ಮತ್ತೆ ಮುಗಿಲಿಗೇ ಅಟ್ಟಿದ ಹಾಗೆ.

ಕೊಟ್ಟೂರಿನ ಆ ಹಮಾಲರು “ನಮ್ಮೋನೇ” ಎಂದರು. ಅಂಗಡಿಯ ಕಟ್ಟೆಯ ಮೇಲೆ ಕೂತವರು, ಗಿರಣಿಯ ಗೇಟಿನಲ್ಲಿ ನಿಂತವರು, ಆ ಹಮಾಲರನ್ನು ನೋಡಿ ಅದೇ ಮಾತು ಹೇಳುವ ದಿನ ಬರಲಿ.