ಅಜ್ಜಿ ಕೇಳಿದ ಪ್ಲಗ್ಗಿನ ಪ್ರಶ್ನೆ

ಈ ವಾರದ ಕಾಗದ ನಮ್ಮ ಗೌರಿಬಿದನೂರಿನದೇ. ಎಂಟನೇ ತರಗತಿಯ ಹುಡುಗಿ ಬರೆದಿದ್ದಾಳೆ. ಅವರ ಅಜ್ಜಿಯ ಹೆಸರಿನಲ್ಲಿದ್ದ ಜಮೀನು ಮಾರಾಟವಾಗಿ ಕೈಗೆ ದುಡ್ಡು ಬಂದಿದೆಯಂತೆ. ಬೆಂಗಳೂರಿನಲ್ಲಿರುವ ಸೋದರಮಾವನಿಗೆ ಆ ದುಡ್ಡಿನಲ್ಲಿ ದೊಡ್ಡದೊಂದು ‘ಪ್ಲಗ್-ಇನ್ ಹೈಬ್ರಿಡ್’ ಎಸ್‌ಯುವಿ ಕೊಳ್ಳುವ ಆಸೆ. “ಕರೆಂಟಿನಲ್ಲೂ ಓಡುತ್ತದೆ, ಪೆಟ್ರೋಲಿನಲ್ಲೂ ಓಡುತ್ತದೆ, ದುಡ್ಡು ಉಳಿಯುತ್ತದೆ ಅಂತಾರೆ ಮಾವ. ಅಜ್ಜಿ ಮಾತ್ರ, ರಾತ್ರಿ ಅದಕ್ಕೆ ಕರೆಂಟು ಎಲ್ಲಿಂದ ಕೊಡ್ತೀಯೋ ಅಂತ ಕೇಳ್ತಾರೆ. ಯಾರು ಸರಿ ತಾತ?” ಎಂದು ಕೇಳಿದ್ದಾಳೆ.

ಪುಟ್ಟಿ, ಮೊದಲು ಹೈಬ್ರಿಡ್ ಅಂದರೇನು ನೋಡೋಣ. ನಮ್ಮ ಕಡೆಯವರಿಗೆ ಇದು ಹೊಸ ಮಾತಲ್ಲ. ನಮ್ಮ ತಾಲ್ಲೂಕಿನ ಹೊಲಗಳಲ್ಲಿ ಮುಸುಕಿನ ಜೋಳ ಹೈಬ್ರಿಡ್ಡೇ. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಸಿ.ಬಿ. ಗೂಡು ಎರಡು ತಳಿ ಕೂಡಿಸಿದ್ದು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದವರು ಇಂಡಿಯಾದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ಮಾಡಿದ್ದು ನಿಮ್ಮ ಅಜ್ಜಿಗೆ ಚೆನ್ನಾಗಿ ಗೊತ್ತಿರುತ್ತದೆ. ಎರಡರ ಒಳ್ಳೆಯ ಗುಣ ಒಂದರಲ್ಲಿ ಸಿಗಲಿ ಎಂಬುದೇ ಆಸೆ.

ವಾಹನದಲ್ಲೂ ನಿಮ್ಮ ತಾತಂದಿರು ಹೈಬ್ರಿಡ್ ಓಡಿಸಿದವರೇ! 1980ರಲ್ಲಿ ಹೊಸೂರಿನಿಂದ ಬಂತಲ್ಲ ಟಿವಿಎಸ್ 50, ಅದು ಮೊಪೆಡ್. ಮೋಟಾರಿನ ‘ಮೊ’, ಪೆಡಲಿನ ‘ಪೆಡ್’. ಪೆಟ್ರೋಲ್ ಮುಗಿದರೆ ತುಳಿದುಕೊಂಡು ಮನೆ ಸೇರಬಹುದಿತ್ತು. ತುಳಿದವರಿಗೆ ಗೊತ್ತು, ಸೈಕಲ್ ತುಳಿದಷ್ಟು ಸುಲಭವಲ್ಲ ಅದು. ಎಂಜಿನ್ನಿನ ಭಾರವನ್ನೂ ಕಾಲೇ ಎಳೆಯಬೇಕು. ಈ ಭಾರದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗಿನ ಹೈಬ್ರಿಡ್ ಕಾರುಗಳಲ್ಲಿ ಎರಡು ಜಾತಿ. ಒಂದಕ್ಕೆ ಪ್ಲಗ್ ಇಲ್ಲ. ಬ್ಯಾಟರಿ ಚಿಕ್ಕದು. ಬ್ರೇಕ್ ಹಾಕಿದಾಗ, ಇಳಿಜಾರಿನಲ್ಲಿ ಇಳಿಯುವಾಗ ಅದರ ಮೋಟಾರು ಹಳೆಯ ಸೈಕಲ್ಲಿನ ಡೈನಮೊ ಹಾಗೆ ತಿರುಗಿ ಕರೆಂಟು ಹುಟ್ಟಿಸುತ್ತದೆ. ನಮ್ಮ ಬಿಡದಿಯಲ್ಲೇ ತಯಾರಾಗುವ ಇನೋವಾ ಹೈಕ್ರಾಸ್‌ನ ಹೈಬ್ರಿಡ್ ಈ ಜಾತಿಯದು. ಇನ್ನೊಂದಕ್ಕೆ ದೊಡ್ಡ ಬ್ಯಾಟರಿ. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ತುಂಬಿಸಬೇಕು. ಅದೇ ಪ್ಲಗ್-ಇನ್.

ಇಂಥ ಗಾಡಿಯ ಕಥೆ ನಮ್ಮ ಪಕ್ಕದಲ್ಲೇ ನಡೆದಿದೆ. ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗುವಾಗ ಹೊಸಕೋಟೆ ಸಿಗುತ್ತದಲ್ಲ, ಅಲ್ಲಿ ವೋಲ್ವೋ ಕಂಪನಿ 2017ರಿಂದ ಕಾರು ಜೋಡಿಸುತ್ತಿದೆ. ಅವರ ಎಕ್ಸ್‌ಸಿ90 ಎಂಬ ದೊಡ್ಡ ಗಾಡಿಯ ಪ್ಲಗ್-ಇನ್ ರೂಪ ಅದಕ್ಕೂ ಮೊದಲೇ, 2016ರಲ್ಲಿ, ಹೊರದೇಶದಿಂದ ಬಂದಿತ್ತು. ಬೆಲೆ ಒಂದು ಕೋಟಿ 25 ಲಕ್ಷ! ಮುಂದಿನ ಚಕ್ರಗಳಿಗೆ ಪೆಟ್ರೋಲ್ ಎಂಜಿನ್, ಹಿಂದಿನ ಚಕ್ರಗಳಿಗೆ ಕರೆಂಟಿನ ಮೋಟಾರು. ಎರಡರ ನಡುವೆ ಇರಬೇಕಾದ ಉದ್ದನೆಯ ಕಬ್ಬಿಣದ ದಂಡ ಇಲ್ಲ, ಆ ಜಾಗದಲ್ಲಿ ಬ್ಯಾಟರಿ ಕೂತಿದೆ. ಎಂಥ ಜಾಣತನ ನೋಡಿ. ಇದನ್ನೂ ಹೊಸಕೋಟೆಯಲ್ಲೇ ಜೋಡಿಸುತ್ತೇವೆ ಎಂದು 2019ರಲ್ಲಿ ಕಂಪನಿ ಹೇಳಿತು. ಆದರೆ 2022ರಲ್ಲಿ ಅಲ್ಲಿ ಹೊಸದಾಗಿ ಶುರುವಾದದ್ದು ಪೆಟ್ರೋಲೇ ಬೇಡದ, ಪೂರ್ತಿ ಬ್ಯಾಟರಿಯ ಎಕ್ಸ್‌ಸಿ40 ರೀಚಾರ್ಜ್. ಅದೇ ವರ್ಷದ ಡಿಸೆಂಬರಿನಲ್ಲಿ ಬಿಎಂಡಬ್ಲ್ಯು ಕಂಪನಿ ಎಕ್ಸ್‌ಎಂ ಎಂಬ ಪ್ಲಗ್-ಇನ್ ತಂದಿತು, 2 ಕೋಟಿ 60 ಲಕ್ಷಕ್ಕೆ. ನಮ್ಮ ದೇಶದಲ್ಲಿ ಇಂಥವು ಇಂದಿಗೂ ಬೆರಳೆಣಿಕೆಯಷ್ಟೇ.

ಇನ್ನು ಲೆಕ್ಕಕ್ಕೆ ಬರೋಣ. ಪೆನ್ಸಿಲ್ ತೆಗೆದುಕೊಳ್ಳಿ.

ಈಚಿನ ಎಕ್ಸ್‌ಸಿ90 ಪ್ಲಗ್-ಇನ್‌ನ ಬ್ಯಾಟರಿ 18.8 ಯೂನಿಟ್ಟಿನದು. ಕಾಗದದ ಮೇಲೆ ಸುಮಾರು 70 ಕಿ.ಮೀ. ಓಡಬೇಕು. ಎಸಿ ಹಾಕಿ, ನಾಲ್ಕು ಜನ ಕೂತು, ನಮ್ಮ ರಸ್ತೆಯಲ್ಲಿ ಓಡಿಸಿದರೆ 50 ಎಂದು ಹಿಡಿಯೋಣ. ತುಂಬಿಸಲು ಗೋಡೆಯಿಂದ 18 ಯೂನಿಟ್, ಯೂನಿಟ್ಟಿಗೆ ಆರು ರೂಪಾಯಿಯಂತೆ 108 ರೂಪಾಯಿ. ಕಿ.ಮೀ.ಗೆ ಎರಡು ರೂಪಾಯಿ ಚಿಲ್ಲರೆ ಆಯಿತು. ಬ್ಯಾಟರಿ ಖಾಲಿಯಾದ ಮೇಲೆ ಸುಮಾರು 2,300 ಕಿಲೊ ತೂಕದ ಆ ಗಾಡಿಯನ್ನು ಪೆಟ್ರೋಲೇ ಎಳೆಯಬೇಕು. ಲೀಟರಿಗೆ 10 ಕಿ.ಮೀ., ಲೀಟರಿಗೆ 100 ರೂಪಾಯಿ ಎಂದುಕೊಂಡರೆ ಕಿ.ಮೀ.ಗೆ ಹತ್ತು ರೂಪಾಯಿ. ಅಂದರೆ ಕರೆಂಟಿನಲ್ಲಿ ಓಡಿದ ಒಂದೊಂದು ಕಿ.ಮೀ.ಗೂ ಹತ್ತಿರಹತ್ತಿರ ಎಂಟು ರೂಪಾಯಿ ಉಳಿತಾಯ. ಮಾವ ಹೇಳಿದ್ದು ಇಲ್ಲಿಯವರೆಗೆ ನಿಜ.

ದಿನಾ 50 ಕಿ.ಮೀ., ವರ್ಷಕ್ಕೆ 300 ದಿನ, ಪ್ರತಿ ರಾತ್ರಿ ತಪ್ಪದೆ ಪ್ಲಗ್ ಹಾಕುವವರಿಗೆ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು ಉಳಿಯುತ್ತದೆ. ಚೆನ್ನಾಗಿದೆ ಅಲ್ಲವೇ? ಆದರೆ ಒಂದು ಕೋಟಿಯನ್ನು ಬ್ಯಾಂಕಿನಲ್ಲಿಟ್ಟು ಶೇ. 6ರಂತೆ ಬಡ್ಡಿ ಹಿಡಿದರೂ ವರ್ಷಕ್ಕೆ ಆರು ಲಕ್ಷ! ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ. ಕೋಟಿಯ ಕಾರು ಇಷ್ಟವಾಯಿತು, ಕೊಂಡೆ ಅಂದರೆ ಅದು ಅವರವರ ಸಂತೋಷ, ನಾನು ಬೇಡ ಅನ್ನುವವನಲ್ಲ. ಪೆಟ್ರೋಲ್ ಉಳಿಸಲು ಕೊಂಡೆ ಅಂದರೆ ಮಾತ್ರ ನನಗೆ ನಗು ಬರುತ್ತದೆ.

ಮಾವನ ಲೆಕ್ಕ ಬೇರೆಯೇ. ಅವರು ಭಾನುವಾರ ಗೌರಿಬಿದನೂರಿಗೆ ಬಂದು ಹೋಗುತ್ತಾರೆ, ಉಳಿದ ದಿನ ಮೆಟ್ರೋದಲ್ಲಿ ಓಡಾಡುತ್ತಾರೆ ಎಂದು ಬರೆದಿದ್ದೀಯ. ಹೋಗಿಬರಲು ಸುಮಾರು 150 ಕಿ.ಮೀ. ಬ್ಯಾಟರಿ ತುಂಬಿಸಿಕೊಂಡು ಹೊರಟರೂ ದೊಡ್ಡಬಳ್ಳಾಪುರ ದಾಟಿ ಸ್ವಲ್ಪ ದೂರಕ್ಕೆ ಅದು ಮುಗಿಯಿತು. ಇನ್ನು ನೂರು ಕಿ.ಮೀ. ಪೆಟ್ರೋಲೇ ಗತಿ. ವಾರಕ್ಕೆ 400 ರೂಪಾಯಿ ಉಳಿದರೆ ವರ್ಷಕ್ಕೆ 20,800. ಅದೂ ಪ್ಲಗ್ ಹಾಕಿದರೆ!

ಇಲ್ಲೇ ನಿಮ್ಮ ಅಜ್ಜಿಯ ಪ್ರಶ್ನೆ ಬರುವುದು. ಮಾವನದು ಮೂರನೇ ಮಹಡಿಯ ಬಾಡಿಗೆ ಮನೆ, ಗಾಡಿ ನಿಲ್ಲುವುದು ಬೀದಿಯಲ್ಲಿ. ಊರಿನ ಮನೆಯಲ್ಲೂ ಗೇಟಿನ ಒಳಗೆ ಗಾಡಿ ಹಿಡಿಸುವುದಿಲ್ಲವಂತೆ. ಗೀಸರ್ ಹಾಕುವಂಥ ದೊಡ್ಡ ಪ್ಲಗ್ಗಿನಲ್ಲಿ ಈ ಬ್ಯಾಟರಿ ತುಂಬಲು ಆರೇಳು ಗಂಟೆ ಬೇಕು. ಅರ್ಥಿಂಗ್ ಸರಿ ಇರಬೇಕು, ಮನೆಗೆ ಬೆಸ್ಕಾಂನಿಂದ ಮಂಜೂರಾದ ಲೋಡು ಸಾಲದಿದ್ದರೆ ಹೆಚ್ಚಿಸಿಕೊಳ್ಳಬೇಕು. ಕಿಟಕಿಯಿಂದ ವೈರು ಇಳಿಬಿಟ್ಟು ಮಳೆಯಲ್ಲಿ ತುಂಬಿಸುವ ಕೆಲಸ ಯಾರೂ ಮಾಡಬಾರದು, ಜೀವಕ್ಕೆ ಅಪಾಯ.

ಪ್ಲಗ್ ಹಾಕದೆ ಓಡಿಸಿದರೆ? ಗಾಡಿ ನಿಲ್ಲುವುದಿಲ್ಲ, ಪೆಟ್ರೋಲಿನಲ್ಲಿ ಹೋಗುತ್ತಲೇ ಇರುತ್ತದೆ. ತೊಂದರೆ ಇರುವುದೂ ಅದರಲ್ಲೇ. ಪೂರ್ತಿ ಬ್ಯಾಟರಿಯ ಕಾರಾದರೆ ಪ್ಲಗ್ ಹಾಕದಿದ್ದರೆ ಹೊರಡುವುದೇ ಇಲ್ಲ, ಹಾಗಾಗಿ ಮರೆಯುವ ಹಾಗಿಲ್ಲ. ಇದರಲ್ಲಿ ಮರೆತರೂ ನಡೆಯುತ್ತದೆ. ಯುರೋಪಿನಲ್ಲಿ ಹೀಗೇ ಆಗಿದೆ. ಅಲ್ಲಿನ ಯುರೋಪಿಯನ್ ಕಮಿಷನ್ ಕಾರುಗಳ ಒಳಗಿನ ಮೀಟರಿನಿಂದಲೇ ಲೆಕ್ಕ ತೆಗೆದು 2024ರಲ್ಲಿ ವರದಿ ಕೊಟ್ಟಿತು. ಪ್ಲಗ್-ಇನ್ ಕಾರುಗಳು ರಸ್ತೆಯಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್, ಪರೀಕ್ಷೆಯಲ್ಲಿ ತೋರಿಸಿದ್ದಕ್ಕಿಂತ ಸರಾಸರಿ ಮೂರೂವರೆ ಪಟ್ಟು! ಪರೀಕ್ಷೆಯಲ್ಲಿ ಎಣಿಸಿದಷ್ಟು ಸಲ ಜನ ಪ್ಲಗ್ ಹಾಕುತ್ತಿಲ್ಲ. ಟಿವಿಎಸ್ 50ಯ ಭಾರದ ಮಾತು ನೆನಪಿದೆಯೇ? ಖಾಲಿ ಬ್ಯಾಟರಿ ಹೊತ್ತ ಕಾರಿನ ಪಾಡೂ ಹಾಗೆಯೇ.

ತೆರಿಗೆಯನ್ನೂ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ಹೈಬ್ರಿಡ್‌ಗೆ ಜಿಎಸ್‌ಟಿ ಶೇ. 40, ಪೂರ್ತಿ ಬ್ಯಾಟರಿಯ ಕಾರಿಗೆ ಶೇ. 5. ಪ್ಲಗ್ ಇದೆ ಎಂದು ಸರಕಾರವೇನೂ ರಿಯಾಯಿತಿ ಕೊಡುವುದಿಲ್ಲ.

ಯಾರಿಗೆ ಸರಿಹೋಗುತ್ತದೆ ಅಂದರೆ, ಸ್ವಂತ ಮನೆ, ಒಳಗೇ ಗಾಡಿ ನಿಲ್ಲುವ ಜಾಗ ಇರುವವರಿಗೆ. ದಿನಾ ಊರೊಳಗೆ, ವಿದುರಾಶ್ವತ್ಥಕ್ಕೆ, ಮಂಚೇನಹಳ್ಳಿಗೆ ಓಡಾಡಿ, ತಿಂಗಳಿಗೊಮ್ಮೆ ದೂರ ಹೋಗುವವರಿಗೆ. ಜೊತೆಗೆ ಕೋಟಿ ಹೋದರೂ ಹೊಟ್ಟೆ ಉರಿಯದವರಿಗೆ! ನಿಮ್ಮ ಮಾವ ಈ ಪಟ್ಟಿಯಲ್ಲಿಲ್ಲ. ಪ್ಲಗ್ಗೇ ಇಲ್ಲದ ಮೇಲೆ ಬ್ಯಾಟರಿ ಕಾರೂ ಅವರಿಗೆ ಕಷ್ಟವೇ. ವಾರಕ್ಕೊಂದು ಸಲ ಊರಿಗೆ ಬರಲು ಪ್ಲಗ್ ಇಲ್ಲದ ಹೈಬ್ರಿಡ್ ಅಥವಾ ಸಾದಾ ಪೆಟ್ರೋಲ್ ಗಾಡಿ ಸಾಕು, ಅಜ್ಜಿಯ ದುಡ್ಡಿನಲ್ಲಿ ಮುಕ್ಕಾಲು ಪಾಲಾದರೂ ಬ್ಯಾಂಕಿನಲ್ಲೇ ಉಳಿಯುತ್ತದೆ. ಇದು ನನ್ನ ಅಭಿಪ್ರಾಯ. ಜಮೀನು ಅಜ್ಜಿಯದು, ಕೊನೆಯ ಮಾತೂ ಅವರದೇ.

ಮಾವ ಒಪ್ಪದಿದ್ದರೆ ವಾದ ಮಾಡಬೇಡ ಪುಟ್ಟಿ. ಈಗಿರುವ ಹಳೆಯ ಕಾರಿನಲ್ಲೇ ಒಂದು ತಿಂಗಳು ಪುಸ್ತಕದಲ್ಲಿ ಬರೆದಿಡಲು ಹೇಳು. ಒಂದು ಸಾಲಿನಲ್ಲಿ ತಾರೀಖು, ಇನ್ನೊಂದರಲ್ಲಿ ಆ ದಿನ ಓಡಿದ ಕಿ.ಮೀ., ಮೂರನೆಯದರಲ್ಲಿ ಆ ರಾತ್ರಿ ಗಾಡಿ ನಿಂತ ಜಾಗದಿಂದ ಹತ್ತಿರದ ಪ್ಲಗ್ಗಿಗೆ ಎಷ್ಟು ಹೆಜ್ಜೆ ಎಂದು. ಮೂರನೇ ಮಹಡಿಯಾದರೆ ಮೆಟ್ಟಿಲುಗಳನ್ನೂ ಸೇರಿಸಿ ಎಣಿಸಲಿ.