ಒಂದೇ ಪೈಪು ಸಾಕು ಅನ್ನೋರಿಗೆ

ಬಸವನಗುಡಿಯ ನಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟಿಸ್ತಾ ಇದೀವಿ. ಟೈಲ್ಸ್ ಯಾವುದು, ಮುಂಬಾಗಿಲಿಗೆ ತೇಗವಾ ಹೊನ್ನೆಯಾ ಅಂತ ಮನೆಮಂದಿಯೆಲ್ಲ ತಿಂಗಳುಗಟ್ಟಲೆ ಚರ್ಚೆ ಮಾಡಿದ್ವಿ. ಬಳಸಿದ ನೀರು ಎಲ್ಲಿಗೆ ಹೋಗಬೇಕು ಅನ್ನೋದನ್ನ ಮಾತ್ರ ಕಂಟ್ರಾಕ್ಟರ್ ಒಂದೇ ಮಾತಲ್ಲಿ ಮುಗಿಸಿದ್ರು. "ಎಲ್ಲಾ ಒಂದೇ ಪೈಪಿಗೆ ಸೇರಿಸಿ ಯುಜಿಡಿಗೆ ಬಿಟ್ಬಿಡೋಣ ಸಾರ್." ಅಪ್ಪ ಹೂಂ ಅಂದ್ರು. ನಾನು ಬೇಡ ಅಂದೆ. ಅವತ್ತಿಂದ ಜಗಳ ನಡೀತಾನೇ ಇದೆ. ಮನೇಲಿ ಯಾರೂ ಪೂರ್ತಿ ಕೇಳಿಸಿಕೊಳ್ಳದ ವಾದವನ್ನ ಇಲ್ಲಿ ಬರೀತಾ ಇದೀನಿ :-)

ಮೊದಲು ಲೆಕ್ಕ. ಊರಿಗೆ ನೀರು ಕೊಡುವ ಎಂಜಿನಿಯರುಗಳು ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡೀತಾರೆ. ಐದು ಜನಕ್ಕೆ 675 ಲೀಟರ್. ಅದರಲ್ಲಿ ಸುಮಾರು ಶೇಕಡಾ 80, ಅಂದ್ರೆ 540 ಲೀಟರ್, ಕೊಳಚೆಯಾಗಿ ಆಚೆ ಹೋಗುತ್ತೆ. ಈ 540ರಲ್ಲಿ ಟಾಯ್ಲೆಟ್ಟಿನ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದಿದ್ದು ಸ್ನಾನ, ಬಟ್ಟೆ, ಪಾತ್ರೆಯ ನೀರು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರಹತ್ತಿರ 500 ಮೀಟರ್ ಎತ್ತರಕ್ಕೆ ಮೂರು ಹಂತದಲ್ಲಿ ಪಂಪ್ ಮಾಡಿ ತಂದ ಕಾವೇರಿ ನೀರು ಇದು. ಹತ್ತು ನಿಮಿಷ ಮೈಮೇಲೆ ಸುರಿದುಕೊಂಡು, ಆಮೇಲೆ ನಾವೇ ಅದಕ್ಕೆ ಟಾಯ್ಲೆಟ್ ನೀರು ಬೆರೆಸಿ ಆಚೆಗೆ ಕಳಿಸ್ತೀವಿ.

ಆಚೆ ಅಂದ್ರೆ ಎಲ್ಲಿ? ವೃಷಭಾವತಿ ಕಣಿವೆಗೆ. ಆ ಹೊಳೆ ಹುಟ್ಟೋದು ದೊಡ್ಡ ಬಸವಣ್ಣನ ಪಾದದ ಹತ್ತಿರ ಅಂತ ನಾವೇ ಹೆಮ್ಮೆಯಿಂದ ಹೇಳ್ಕೋತೀವಿ. ಮೈಸೂರು ರಸ್ತೆಯಲ್ಲಿ ಬಸ್ಸು ಹೋಗುವಾಗ ಮಾತ್ರ ಮೂಗು ಮುಚ್ಕೋತೀವಿ. ಅದು ಬಿಡದಿ ಹತ್ತಿರದ ಭೈರಮಂಗಲ ಕೆರೆಗೆ ಹೋಗಿ, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತೆ. ನಾವು ನೀರು ಎತ್ತೋದು ಅದಕ್ಕಿಂತ ಮೇಲಿನ ಜಾಗದಲ್ಲಿ. ಮೇಲೆ ಕುಡೀತೀವಿ, ಕೆಳಗೆ ಉಗೀತೀವಿ..

ಹಾಗಾದ್ರೆ ಮನೇಲೇ ಒಂದು ಮಿಷಿನ್ ಇಟ್ಟುಬಿಡೋಣ ಅನ್ನೋ ಪಂಗಡ ಇನ್ನೊಂದಿದೆ. ಒಬ್ಬ ಮಾರಾಟಗಾರ ಬಂದು ಬೀರು ಗಾತ್ರದ ಎಸ್‌ಟಿಪಿಯ ಚಿತ್ರ ತೋರಿಸಿದ್ರು. "ಮೇಂಟೆನೆನ್ಸೇ ಇಲ್ಲ ಸಾರ್, ಹಾಕಿ ಮರೆತುಬಿಡಿ!" ಅದರೊಳಗೆ ಕೆಲಸ ಮಾಡೋದು ಬ್ಯಾಕ್ಟೀರಿಯಾ. ಅದಕ್ಕೆ ಗಾಳಿ ಊದೋ ಬ್ಲೋಯರ್ ಹಗಲೂ ರಾತ್ರಿ ಓಡ್ತಿರಬೇಕು. ನಾವು ಹದಿನೈದು ದಿನ ಊರಿಗೆ ಹೋದ್ರೆ ಅದು ಉಪವಾಸ ಬೀಳುತ್ತೆ. ಟಾಯ್ಲೆಟ್ಟಿಗೆ ಆಸಿಡ್ ಸುರಿದ್ರೆ ಸಾಯುತ್ತೆ. ತಳದಲ್ಲಿ ಕೂತ ಕೆಸರನ್ನ ಆಗಾಗ ತೆಗೀಲೇಬೇಕು. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಇದನ್ನ ನೋಡಿಕೊಳ್ಳೋಕೇ ಆಪರೇಟರ್ ಇರ್ತಾನೆ. ನಮ್ಮನೇಲಿ ಯಾರು? ಯುಜಿಡಿ ಇಲ್ಲದ ಹೊಸ ಬಡಾವಣೆಯವರು ಇದನ್ನೆಲ್ಲ ಯೋಚನೆ ಮಾಡಲೇಬೇಕು. ಮನೆ ಮುಂದೆ ಒಳಚರಂಡಿ ಇರೋ ಬಸವನಗುಡಿ, ಚಾಮರಾಜಪೇಟೆಯಲ್ಲಿ ಟಾಯ್ಲೆಟ್ ನೀರಿಗೆ ಅದೇ ಸರಿಯಾದ ಜಾಗ.

ಸೆಪ್ಟಿಕ್ ಟ್ಯಾಂಕ್ ಅಂತೂ ಇಲ್ಲಿ ಬೇಡವೇ ಬೇಡ. ಅದು ಮಾಡೋದು ಅರ್ಧ ಕೆಲಸ, ಗಟ್ಟಿಯನ್ನ ಕೆಳಗೆ ಕೂರಿಸುತ್ತೆ ಅಷ್ಟೆ. ಉಳಿದ ಕೊಳೆನೀರನ್ನ ಇಂಗುಗುಂಡಿಗೆ ಬಿಟ್ರೆ, 30x40 ಸೈಟಿನಲ್ಲಿ ಬೋರ್‌ವೆಲ್ ಎಷ್ಟು ದೂರ ಇರುತ್ತೆ ಹೇಳಿ? ತುಂಬಿದಾಗ ಖಾಲಿ ಮಾಡೋರು ಯಾರು? ಸುರಕ್ಷತಾ ಸಾಧನ ಕೊಡದೆ ಮನುಷ್ಯರನ್ನ ಗುಂಡಿಗೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಆದ್ರೂ ಇಳಿಸ್ತಾರೆ, ಜನ ಸಾಯ್ತಾರೆ.

ಮಲ್ಲೇಶ್ವರದಲ್ಲಿ ಎರಡು ಸಾಲು ಮನೆಗಳ ಹಿತ್ತಲ ಮಧ್ಯೆ ಸಣ್ಣ ಗಲ್ಲಿಗಳನ್ನ ನೋಡಿರ್ತೀರಿ. ಕನ್ಸರ್ವೆನ್ಸಿ ಲೇನ್. ಮಲ ಹೊರೋರು ಮುಂಬಾಗಿಲಿಗೆ ಕಾಣಿಸಬಾರದು ಅಂತ ಮಾಡಿದ ದಾರಿ ಅದು. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಮೇಲೆ ಮಲ ಹೊರೋ ಪದ್ಧತಿಯನ್ನ ನಿಷೇಧಿಸಿದ್ರು. ಪದ್ಧತಿ ಹೋಯ್ತು, ಹಿತ್ತಲ ಗಲ್ಲಿಯ ಬುದ್ಧಿ ಹೋಗಲಿಲ್ಲ. "ಯುಜಿಡಿಗೆ ಬಿಟ್ಬಿಡಿ", "ಹಾಕಿ ಮರೆತುಬಿಡಿ" ಎರಡೂ ಅದೇ ಬುದ್ಧಿ. ಕಣ್ಣಿಗೆ ಕಾಣದಿದ್ರೆ ಸಾಕು, ಬೇರೆ ಯಾರೋ ನೋಡ್ಕೋತಾರೆ..

ನಾನು ಕೇಳ್ತಿರೋದು ಇಷ್ಟೇ, ಎರಡು ಪೈಪು. ಟಾಯ್ಲೆಟ್ಟು, ಅಡುಗೆಮನೆಯ ಜಿಡ್ಡಿನ ನೀರು ಯುಜಿಡಿಗೆ. ಸ್ನಾನದ್ದು, ವಾಷಿಂಗ್ ಮಿಷಿನ್ನಿಂದು ಬೇರೆ ಪೈಪಲ್ಲಿ ಹಿತ್ತಲಿಗೆ. ಅಲ್ಲಿ ಕೂದಲು, ನೂಲು ಹಿಡಿಯೋಕೆ ಒಂದು ಜಾಲರಿ, ಆಮೇಲೆ ಜಲ್ಲಿ ತುಂಬಿದ ತೊಟ್ಟಿ, ಅದರಲ್ಲಿ ಕಾಬಾಳೆ ಗಿಡ. ಅಲ್ಲಿಂದ ತೆಂಗು, ಬಾಳೆಗೆ. ಮಳೆಗಾಲಕ್ಕೆ ಯುಜಿಡಿ ಕಡೆ ತಿರುಗಿಸೋಕೆ ಒಂದು ವಾಲ್ವ್. ಪಂಪಿಲ್ಲ, ಕರೆಂಟಿಲ್ಲ.

ಇದಕ್ಕೂ ಕೆಲಸ ಇದೆ, ಸುಳ್ಳು ಹೇಳಲ್ಲ. ವಾರಕ್ಕೊಮ್ಮೆ ಜಾಲರಿ ತೊಳೀಬೇಕು. ನೀರನ್ನ ಒಂದು ದಿನಕ್ಕಿಂತ ಹೆಚ್ಚು ನಿಲ್ಲಿಸಿದ್ರೆ ನಾರುತ್ತೆ. ಸೊಪ್ಪು, ಹಸಿ ತರಕಾರಿಗೆ ಹಾಕೋ ಹಾಗಿಲ್ಲ. ಆ ಜಾಲರಿ ನಾನೇ ತೊಳೀತೀನಿ ಅಂತ ಮನೇಲಿ ಮಾತು ಕೊಟ್ಟಿದೀನಿ. ಅಷ್ಟೂ ಮಾಡೋಕೆ ಆಗಲ್ಲ ಅನ್ನೋರು ಲಕ್ಷಗಟ್ಟಲೆ ಕೊಟ್ಟು ಮಿಷಿನ್ ತರೋ ಮಾತೂ ಆಡಬಾರದು.

2024ರ ಮಾರ್ಚ್‌ನಲ್ಲಿ ನೆನಪಿದೆಯಾ? ಕುಡಿಯೋ ನೀರನ್ನ ಗಿಡಕ್ಕೆ, ಕಾರಿಗೆ ಹಾಕಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳ್ತು. ನಮ್ಮ ತೆಂಗಿನಮರ ಒಣಗ್ತಿದ್ದಾಗ ಸ್ನಾನದ ನೀರು ದಿನಾ ಚರಂಡಿಗೆ ಹೋಗ್ತಿತ್ತು.

ಅಪ್ಪನ ಕೊನೇ ಅಸ್ತ್ರ: "ಎಂಜಲು ನೀರು ಗಿಡಕ್ಕಾ?" ಅದಕ್ಕೆ ಉತ್ತರ ಕೊಟ್ಟಿದ್ದು ಅಜ್ಜಿ. "ನಮ್ಮೂರಲ್ಲಿ ಬಚ್ಚಲ ನೀರಿಗೇ ಕಣೋ ಬಾಳೆ ಬೆಳೀತಿದ್ದಿದ್ದು. ಆ ಎಲೇಲೇ ನೀನೂ ಉಂಡಿದ್ದು." ಅಪ್ಪ ಸುಮ್ಮನಾದ್ರು, ಒಪ್ಪಲಿಲ್ಲ.

ಮುಂದಿನ ವಾರ ಬಚ್ಚಲುಮನೆಯ ಪೈಪ್ ಹಾಕಿ ಮೇಲೆ ಕಾಂಕ್ರೀಟ್ ಮುಚ್ತಾರೆ. ಆಮೇಲೆ ಬುದ್ಧಿ ಬಂದ್ರೂ ನೆಲ ಒಡೀಬೇಕು. ಎರಡನೇ ಪೈಪಿಗೆ ಪ್ಲಂಬರ್ ಹೇಳಿದ ಖರ್ಚು ನಮ್ಮ ಮುಂಬಾಗಿಲಿಗಿಂತ ಕಡಿಮೆ. ನೀವ್ಯಾರಾದ್ರೂ ಮನೆ ಕಟ್ಟಿಸ್ತಾ ಇದ್ರೆ, ಟೈಲ್ಸ್ ಅಂಗಡಿಗೆ ಹೋಗೋ ಮುಂಚೆ ಪ್ಲಂಬರ್ ಜೊತೆ ಅರ್ಧ ಗಂಟೆ ಕೂತ್ಕೊಳ್ಳಿ ಮಾರಾಯ್ರೇ. ನಾನು ಇವತ್ತು ರಾತ್ರಿ ಊಟದ ಹೊತ್ತಿಗೆ ಅಪ್ಪನ ಜೊತೆ ಇನ್ನೊಂದು ಸುತ್ತು ಕೂರ್ತೀನಿ. ಅಜ್ಜಿ ನನ್ನ ಕಡೆ ಇದಾರೆ.